ಬಲವಾದ ಎತ್ತಿಗೂ ಕಾಲುಬಾಯಿ ಲಸಿಕೆ ಏತಕ್ಕೆ?

ಮೇವು ತಿಂದು ಮೈದುಂಬಿದ ಎತ್ತಿಗೆ ಚುಚ್ಚುಮದ್ದು ಅನಾವಶ್ಯಕ, ಅದರ ಮೈಯೇ ರೋಗವನ್ನು ತಡೆದುಕೊಳ್ಳುವುದು ಎಂಬ ಮಾತು ನಮ್ಮ ಗ್ರಾಮಗಳಲ್ಲಿ ಇಂದಿಗೂ ಕೇಳಿಬರುತ್ತಿದೆ. ವಿಚಾರವಂತರಾದ ಹಿಡುವಳಿದಾರರೇ ಹೀಗೆನ್ನುವುದುಂಟು. ಬೇರೆ ಕೆಲವು ವ್ಯಾಧಿಗಳಲ್ಲಿ ಇದಕ್ಕೆ ಅಷ್ಟಿಷ್ಟು ಆಧಾರವಿರಬಹುದು; ಕಾಲುಬಾಯಿ ರೋಗದಲ್ಲಿ ಮಾತ್ರ ಇದು ಸಲ್ಲತಕ್ಕುದಲ್ಲವೆಂದು ನನ್ನ ಅಭಿಪ್ರಾಯ.

ವೈರಸ್ಸು ಹೊಕ್ಕ ಜೀವಕೋಶವು ಸಾಮಾನ್ಯವಾಗಿ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ತಯಾರಿಸಿ ಹೊರಕ್ಕೆ ಬಿಡುವುದು. ನೆರೆಯ ಕೋಶಗಳು ಅದನ್ನು ಗ್ರಹಿಸಿ, ತಮ್ಮೊಳಗೆ ವೈರಸ್ಸು ಬೆಳೆಯದಂತೆ ಸಿದ್ಧವಾಗುವುವು. ಕಳ್ಳರು ಬಿದ್ದಾಗ ಮೊದಲ ಮನೆಯವನು ಕೂಗಿ ಕೇರಿಯನ್ನೆಬ್ಬಿಸುವಂತೆ ಇದು. ಈ ವಸ್ತುವನ್ನು 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿದ್ವಾಂಸರು ಪ್ರಕಟಪಡಿಸಿದರು.

ಕಾಲುಬಾಯಿಯ ವೈರಸ್ಸು ಈ ಕೂಗನ್ನೇ ಅಡಗಿಸುವುದು. ಕೋಶದೊಳಗೆ ಅದು ಮೊದಲು ಹುಟ್ಟಿಸುವ 'ಎಲ್' ಎಂಬ ಪ್ರೋಟೀನು ಕತ್ತರಿಯಂಥದು. ಕೋಶವು ತನ್ನ ಪ್ರೋಟೀನುಗಳನ್ನು ತಯಾರಿಸಲು ಅಗತ್ಯವಾದ ಒಂದು ಭಾಗವನ್ನು ಇದು ತುಂಡರಿಸುತ್ತದೆ. ಆಮೇಲೆ ಇಂಟರ್‌ಫೆರಾನ್ ತಯಾರಾಗುವುದು ಕುಂದುವುದು. ವೈರಸ್ಸಿಗಾದರೋ ಆ ಭಾಗವು ಇಡಿಯಾಗಿರಬೇಕಾದುದಿಲ್ಲ. ಗಾಣ ನಿಲ್ಲಲಿಲ್ಲ, ಎಣ್ಣೆ ಮಾತ್ರ ಕಳ್ಳನ ಕೊಡಕ್ಕೆ! '3ಸಿ' ಎಂಬ ಇನ್ನೊಂದು ಪ್ರೋಟೀನು ಅಪಾಯದ ಸುದ್ದಿಯನ್ನೊಯ್ಯುವ ಕೊಂಡಿಗಳಲ್ಲೊಂದನ್ನೇ ಕತ್ತರಿಸುತ್ತದೆ. 1990ರ ದಶಕದಲ್ಲಿ ಅಮೇರಿಕಾದ ವಿಜ್ಞಾನಿಗಳು 'ಎಲ್' ಭಾಗವನ್ನು ತೆಗೆದುಹಾಕಿದ ವೈರಸ್ಸನ್ನು ದನಗಳಿಗೆ ಕೊಟ್ಟು ನೋಡಲಾಗಿ, ರೋಗಲಕ್ಷಣಗಳು ತೋರಲಿಲ್ಲ. ವೈರಸ್ಸಿನ ಬಲವೆಲ್ಲಿದೆಯೆಂಬುದು ಇದರಿಂದ ಸ್ಪಷ್ಟವಾಗುವುದು.

ಆದಕಾರಣ ಕಾವಲುಗಾರನು ವೈರಸ್ಸು ಕೋಶವನ್ನು ಹೊಗುವುದಕ್ಕೆ ಮುಂಚೆಯೇ ರಕ್ತದಲ್ಲಿರಬೇಕು. ಲಸಿಕೆಯು ಹುಟ್ಟಿಸುವ ಪ್ರತಿಕಾಯಗಳು ವೈರಸ್ಸನ್ನು ಹೊರಗಡೆಯೇ ಹಿಡಿಯುವುವು. ಅಲ್ಲಿ ಕತ್ತರಿಯ ಆಟ ನಡೆಯದು. ಆದರೆ ಈ ಶಕ್ತಿ ಬರಲು ಎರಡು ಮೂರು ವಾರಗಳು ಹಿಡಿಯುವುವು, ತಿಂಗಳುಗಳಲ್ಲಿ ಅದು ಇಳಿಯುವುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಲಸಿಕೆಯನ್ನು ಗೊತ್ತುಮಾಡಿದುದು ಇದಕ್ಕಾಗಿಯೇ. ನೆರೆಯೂರಿನಲ್ಲಿ ಜೊಲ್ಲು ಸುರಿದ ಮೇಲೆ ವೈದ್ಯರನ್ನು ಹುಡುಕಿಕೊಂಡು ಹೋಗುವುದು ತಡವಾದ ಕೆಲಸ.

ಹಾಲು ಕಡಮೆಯಾಗುವುದೆಂಬ ಭಯದಿಂದ ಕೆಲವರು ಕರೆಯುವ ಹಸುವನ್ನು ಬಚ್ಚಿಡುವರು. ಚುಚ್ಚಿದ ಮೇಲೆ ಒಂದೆರಡು ದಿನ ಹಾಲು ತುಸು ಇಳಿಯಬಹುದು, ನಿಜ. ರೋಗ ಬಂದರೆ ಆ ಸೂಲಿನ ಹಾಲೇ ಕೆಡಬಹುದು, ಉಳುಮೆಯ ಕಾಲಕ್ಕೆ ಎತ್ತು ಕುಂಟುತ್ತ ನಿಲ್ಲುವುದು. ವಾಸಿಯಾದಂತೆ ಕಂಡ ದನದ ಗಂಟಲಲ್ಲಿಯೂ ವೈರಸ್ಸು ತಿಂಗಳುಗಟ್ಟಲೆ ಉಳಿಯಬಲ್ಲುದು.

ಊರಿನ ಮುಖ್ಯಸ್ಥರು ಒಂದೇ ಸಾರಿಗೆ ಎಲ್ಲ ಕೇರಿಗಳ ದನಗಳನ್ನೂ ಕೂಡಿಸತಕ್ಕುದು. ಜಮೀನಿಲ್ಲದವನ ಒಂಟಿ ಹಸುವನ್ನೂ ಬಿಡಬಾರದು. ಜಾತ್ರೆಗೆ ಹೊಡೆದುಕೊಂಡು ಹೋಗುವವರು ಮೂರು ವಾರ ಮೊದಲೇ ಲಸಿಕೆ ಹಾಕಿಸಲಿ. ಕೊಂಡುತಂದ ದನವನ್ನು ಮೂರು ವಾರ ಬೇರೆ ಕಟ್ಟಿ, ನೀರಿನ ತೊಟ್ಟಿಯನ್ನೂ ಬೇರೆ ಇಡಿಸತಕ್ಕುದು. ರೋಗ ತಗಲಿದ ಕೊಟ್ಟಿಗೆಯನ್ನು ನೂರು ಪಾಲು ನೀರಿಗೆ ನಾಲ್ಕು ಪಾಲು ಬಟ್ಟೆ ಒಗೆಯುವ ಸೋಡಾ ಬೆರೆಸಿ ತೊಳೆಯಿಸಬೇಕು. ಅಡಿಗೆ ಸೋಡಾ ಇದಕ್ಕೆ ಸಾಲದು.