ಮುನಿದ ಕಾರಿಗೆ ಮನೆಮದ್ದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿಗೆ ಒಳ್ಳೆ ಧಾರಣೆ ಬಂತೆಂದರೆ ಅಂಗಳಕ್ಕೆ ಒಂದು ಪುಟ್ಟ ಕಾರು ಬರುತ್ತದೆ. ಕೊಳ್ಳುವವರು ಯಜಮಾನರು, ಅದಕ್ಕೆ ವೇಷ ಹಾಕಿಸುವವರು ಮಕ್ಕಳು. ಆದರೆ ಅತ್ತೆಗೆ ಎದೆನೋವು ಬಂದ ಹೊತ್ತಿನಲ್ಲಿ ಕಾರು ಹೊರಡದೆ ನಿಂತರೆ, ಮನೆಯಲ್ಲಿ ಇರುವವರು ನಾವೇ! ಅದಕ್ಕೇ ಈ ಸಲ ಒಗ್ಗರಣೆ ಬಿಟ್ಟು ಎಂಜಿನ್ನಿನ ಮಾತು.

ಕೀಲಿ ತಿರುಗಿಸಿದಾಗ 'ಟಿಕ್ ಟಿಕ್' ಎಂದು ಸುಮ್ಮನಾದರೆ ಮೊದಲು ಬ್ಯಾಟರಿ ನೋಡಿ. ಎಂಜಿನ್ ನಿಂತಿರುವಾಗ ಮೀಟರು 12.6 ವೋಲ್ಟ್ ತೋರಿದರೆ ಹೊಟ್ಟೆ ತುಂಬಿದೆ ಅಂತ. 12ಕ್ಕಿಂತ ಕೆಳಗಿದ್ದರೆ ಉಪವಾಸ. ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಳೆ ತೆಗೆದಿಟ್ಟು (ಲೋಹ ತಾಗಿದರೆ ಕಿಡಿ ಹಾರುತ್ತದೆ), ಮೊದಲು ಮೈನಸ್ ತಂತಿ ಬಿಚ್ಚಿ. ಬಿಸಿನೀರಿಗೆ ಒಂದು ಚಮಚ ಅಡಿಗೆ ಸೋಡ ಹಾಕಿ ಹಳೆ ಬ್ರಷ್ಷಿನಿಂದ ತಿಕ್ಕಿ, ಒರೆಸಿ ಒಣಗಿಸಿ. ಜೋಡಿಸುವಾಗ ಮೈನಸ್ ಕೊನೆಗೆ.

ಅಟ್ಟದ ಮೇಲೆ ವರ್ಷಗಟ್ಟಲೆ ಕಾಯಿ ಒಣಗಿಸುವ ನಮ್ಮ ಮನೆಗಳಲ್ಲಿ ಇಲಿಗಳಿಗೇನು ಬರ? ನಾರು ತಂದು ಬೆಚ್ಚಗಿನ ಎಂಜಿನ್ ಮೇಲೆ ಬಾಣಂತನ ಮಾಡಿಕೊಳ್ಳುತ್ತವೆ, ತಂತಿಯನ್ನೂ ಕಡಿಯುತ್ತವೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಬಿಸಿ ಎಂಜಿನ್ನಿನ ಮೇಲೆ ಒಣ ನಾರು ಇದ್ದರೆ ಬೆಂಕಿಗೆ ಸೌದೆ ಒಟ್ಟಿದ ಹಾಗೆ.

ರೇಡಿಯೇಟರಿನ ಮುಚ್ಚಳವನ್ನು ಬಿಸಿ ಇರುವಾಗ ತೆರೆಯಲೇಬಾರದು. ಕುಕ್ಕರಿನ ಆವಿ ಇಳಿಯುವ ಮುಂಚೆ ಮುಚ್ಚಳ ಎಳೆದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ಲವೇ? ಹೊಗೆಗೂ ಭಾಷೆ ಉಂಟು: ನೀಲಿಯಾದರೆ ಎಣ್ಣೆ ಸುಡುತ್ತಿದೆ, ಕಪ್ಪಾದರೆ ಪೆಟ್ರೋಲ್ ಹೆಚ್ಚು, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಬಂದರೆ ಒಳಗೆ ಕೂಲೆಂಟ್ ಸೋರುತ್ತಿರಬಹುದು.

ಹೋದ ವರ್ಷ ನಮ್ಮ ಕಾರು ನಡುಗುತ್ತಾ ಕೆಮ್ಮತೊಡಗಿತು. ಗ್ಯಾರೇಜೊಂದರಲ್ಲಿ "ಎಂಜಿನ್ನೇ ಬಿಚ್ಚಬೇಕು ಅಕ್ಕಾ" ಎಂದರು. ಮಗ ಬಿಡಲಿಲ್ಲ. ಈಚಿನ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಂದು ಗೂಡಿರುತ್ತದೆ. ಅದಕ್ಕೊಂದು ಸಣ್ಣ ಯಂತ್ರ ಸಿಕ್ಕಿಸಿದರೆ ಮೊಬೈಲಿನಲ್ಲಿ ರೋಗದ ಸಂಖ್ಯೆ ಬರುತ್ತದೆ. ಬಂದದ್ದು 'ಪಿ 0301', ಅಂದರೆ ಒಂದನೇ ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹತ್ತುತ್ತಿಲ್ಲ. ಎಂಜಿನ್ ತಣ್ಣಗಾದ ಮೇಲೆ ಒಂದನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೂ ಎರಡನೆಯದನ್ನು ಇದರ ಜಾಗಕ್ಕೂ ಹಾಕಿ, ಹಳೆ ಸಂಖ್ಯೆ ಅಳಿಸಿ ಓಡಿಸಿದ. ಈಗ 'ಪಿ 0302' ಬಂತು! ರೋಗ ಕಾಯಿಲಿನ ಹಿಂದೆಯೇ ಹೋಯಿತಲ್ಲ, ಹಾಗಾದರೆ ಕಾಯಿಲೇ ಕಳ್ಳ. ರೋಗ ಅಲ್ಲೇ ಉಳಿದಿದ್ದರೆ ಪ್ಲಗ್ಗನ್ನೋ ಇಂಜೆಕ್ಟರನ್ನೋ ನೋಡಬೇಕಿತ್ತು. ಒಂದು ಕಾಯಿಲ್ ಬದಲಾಯಿಸಿದೆವು, ಎಂಜಿನ್ ಬಿಚ್ಚುವುದು ತಪ್ಪಿತು.

ಇನ್ನು ಮಕ್ಕಳ ಹುಚ್ಚು. "ಅಮ್ಮಾ, ಸೈಲೆನ್ಸರ್ ಬದಲಾಯಿಸ್ತೀನಿ, ಗಾಡಿ ಗುಡುಗಬೇಕು" ಅಂತಾರೆ. ಬರೀ ಬೈದರೆ ಕೇಳುವ ವಯಸ್ಸಲ್ಲ, ಕಾರಣ ಹೇಳಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಲ್ಲೂ ಇದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. 60/55 ವ್ಯಾಟಿನ ದೀಪದ ಜಾಗಕ್ಕೆ 100/90ರದ್ದು ಹಾಕಿದರೆ ಹೋಲ್ಡರು, ತಂತಿ ಕಾದು ಕರಗುತ್ತವೆ. ಎದುರಿನವನಿಗೂ ಕಣ್ಣು ಕತ್ತಲೆ.

ಹಾಗಂತ ಅವರ ಉತ್ಸಾಹಕ್ಕೆ ತಣ್ಣೀರೆರಚಬೇಡಿ. ಒಳ್ಳೆ ಟೈರು, ಹೊಸ ಬ್ರೇಕ್ ಪ್ಯಾಡು, ಎರಡು ವರ್ಷಕ್ಕೊಮ್ಮೆ ಹೊಸ ಬ್ರೇಕ್ ಎಣ್ಣೆ, ನಾರಿನ ಧೂಳು ಕಟ್ಟದ ಏರ್ ಫಿಲ್ಟರು, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಗಾಳಿ: ಇವಿಷ್ಟು ಅವರ ಕೈಯಲ್ಲೇ ಮಾಡಿಸಿ. ಬ್ರೇಕಿನ ಕೆಲಸ ಮಾತ್ರ ಬಲ್ಲವರು ಪಕ್ಕದಲ್ಲಿದ್ದಾಗ. ಕಾರು ಹಗುರಾಗಿ ಓಡುತ್ತೆ, ಸರಿಯಾಗಿ ನಿಲ್ಲುತ್ತೆ. ಓಡುವುದು ಯಾವ ಕಾರಿಗೂ ಬರುತ್ತದೆ, ತಾಯಂದಿರಿಗೆ ಬೇಕಾದದ್ದು ನಿಲ್ಲುವುದು.

ಕಾರಿನ ಕೀಲಿ ಗೂಟದಲ್ಲಿ ನೇತಾಡುತ್ತಿದೆಯಲ್ಲ, ಇವತ್ತೇ ತೆಗೆದು ಬಾನೆಟ್ ಎತ್ತಿ ನೋಡಿ. ಒಲೆ ಹಚ್ಚಲು ಕಲಿತ ಕೈಗೆ ಇದೇನು ಮಹಾ?