ಅಕ್ಷರವನ್ನು ಅಳಿಸಬಹುದು, ಹೊಣೆಯನ್ನಲ್ಲ

ಹಿಂದೆ ಸುಳ್ಳನ್ನು ಅಚ್ಚು ಹಾಕಲು ಮುದ್ರಣಾಲಯ ಬೇಕಿತ್ತು. ಈಗ ಒಂದು ಕಂಪ್ಯೂಟರ್ ಮತ್ತು ಅರ್ಧ ತಾಸಿನ ಬಿಡುವು ಸಾಕು. ಪತ್ರಿಕೆಯ ತುಣುಕೊಂದರ ಶೀರ್ಷಿಕೆಯನ್ನು ಅಳಿಸಿ ಬೇರೊಂದನ್ನು ಕೂರಿಸಬಹುದು. ರಾಜಕಾರಣಿಯ ಅಥವಾ ಧರ್ಮಗುರುವಿನ ಭಾವಚಿತ್ರದ ಪಕ್ಕದಲ್ಲಿ ಅವರು ಆಡದ ಮಾತನ್ನು ಬರೆಯಬಹುದು. ಚಿತ್ರ ನಿಜ, ಪತ್ರಿಕೆಯ ಹೆಸರು ನಿಜ, ದಿನಾಂಕವೂ ನಿಜ. ಸುಳ್ಳು ಇರುವುದು ಒಂದೇ ಸಾಲಿನಲ್ಲಿ. ಆದರೆ ಊರಿಗೆ ಬೆಂಕಿ ಹಚ್ಚಲು ಆ ಒಂದು ಸಾಲೇ ಸಾಕಾಗುತ್ತದೆ.

ಇದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. 1995ರಲ್ಲಿ ಅಮೆರಿಕದ ಬರ್ಕ್‌ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಆರಂಭಿಸಿದ 'ಜಿಂಪ್' ಅವುಗಳಲ್ಲೊಂದು. ಚಿತ್ರದೊಳಗಿನ ಅಕ್ಷರ ವಾಸ್ತವದಲ್ಲಿ ಅಕ್ಷರವಲ್ಲ, ಬಣ್ಣದ ಚುಕ್ಕೆಗಳ ಸಮೂಹ. ಆದುದರಿಂದ ಅದನ್ನು ತಿದ್ದಲಾಗದು, ಮುಚ್ಚಬೇಕಾಗುತ್ತದೆ. ಹಿನ್ನೆಲೆಯ ಬಣ್ಣವನ್ನೇ ಹೆಕ್ಕಿ ಹಳೆಯ ಅಕ್ಷರಗಳ ಮೇಲೆ ಬಳಿಯುತ್ತಾರೆ. ಹಿನ್ನೆಲೆ ಒಂದೇ ಬಣ್ಣದ್ದಲ್ಲವಾದರೆ ಪಕ್ಕದ ಭಾಗವನ್ನು ನಕಲು ಮಾಡಿ ತೇಪೆ ಹಾಕುತ್ತಾರೆ. ಬಳಿಕ ಅದರ ಮೇಲೊಂದು ಹೊಸ ಪದರದಲ್ಲಿ ಹೊಸ ಅಕ್ಷರಗಳನ್ನು ಬರೆಯುತ್ತಾರೆ. ಮದ್ರಸದ ಭಿತ್ತಿಪತ್ರದಲ್ಲಿ ತಪ್ಪಾಗಿ ಅಚ್ಚಾದ ದಿನಾಂಕವನ್ನು ಸರಿಪಡಿಸುವುದೂ ಈ ವಿದ್ಯೆಯಿಂದಲೇ. ವಿದ್ಯೆಯಲ್ಲಿ ದೋಷವಿಲ್ಲ, ದೋಷವಿರುವುದು ಉದ್ದೇಶದಲ್ಲಿ.

ಅಕ್ಷರಗಳನ್ನು ತೆಗೆದುಹಾಕುವುದು ಕೂಡ ಎಷ್ಟು ಅಪಾಯಕಾರಿ ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷ್ಯವಿದೆ. ಮಕ್ಕಳ ಅಪಹರಣದ ವಿರುದ್ಧ ಜಾಗೃತಿ ಮೂಡಿಸಲು ಕರಾಚಿಯಲ್ಲಿ ತಯಾರಿಸಿದ ಕಿರುಚಿತ್ರವೊಂದಿತ್ತು. ಅದರ ಕೊನೆಯಲ್ಲಿ ಬೈಕ್ ಸವಾರರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಬರಹವುಳ್ಳ ಫಲಕವನ್ನು ತೋರಿಸುತ್ತಾರೆ. ಆ ಭಾಗವನ್ನು ಕತ್ತರಿಸಿ, ಉಳಿದುದನ್ನು ಮಕ್ಕಳ ಕಳ್ಳರ ಕೃತ್ಯವೆಂದು ಭಾರತದಲ್ಲಿ ಹರಡಲಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಮಕ್ಕಳ ಕಳ್ಳರೆಂಬ ವದಂತಿಗೆ ಬಲಿಯಾದರು. ಅಂತಹ ವದಂತಿಗಳನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸಿದವರಾರೂ ತಮ್ಮನ್ನು ಕೊಲೆಗಾರರೆಂದು ಭಾವಿಸಿರಲಿಲ್ಲ.

ಇಂತಹ ಸುಳ್ಳುಗಳಿಂದ ಮುಸ್ಲಿಮರು ಬಹಳ ನೊಂದಿದ್ದಾರೆ. ಆದರೆ ನಮ್ಮ ಕೈಗಳು ಶುಭ್ರವಾಗಿವೆಯೇ? 2010ರಲ್ಲಿ ಟಿಬೆಟಿಯನ್ ಪ್ರದೇಶದ ಯುಶುವಿನಲ್ಲಿ ಭೂಕಂಪ ಸಂಭವಿಸಿದಾಗ ಬೌದ್ಧ ಭಿಕ್ಷುಗಳು ಮೃತರ ಅಂತ್ಯಕ್ರಿಯೆಗೆ ನೆರವಾದರು. ಆ ಚಿತ್ರವೇ 2012ರಲ್ಲಿ, ಬರ್ಮಾದಲ್ಲಿ ಭಿಕ್ಷುಗಳು ಮುಸ್ಲಿಮರನ್ನು ಕೊಂದ ದೃಶ್ಯವೆಂಬ ಬರಹದೊಂದಿಗೆ ಹರಿದಾಡಿತು. ರೊಹಿಂಗ್ಯಾ ಮುಸ್ಲಿಮರ ಸಂಕಟ ಸತ್ಯವಾಗಿತ್ತು. ಆದರೆ ಆ ಸತ್ಯಕ್ಕೆ ಸುಳ್ಳಿನ ಆಸರೆ ಬೇಕಿತ್ತೇ? ಅದೇ ವರ್ಷದ ಆಗಸ್ಟ್‌ನಲ್ಲಿ ಸುಳ್ಳು ಸಂದೇಶಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರಿನಿಂದ ರೈಲು ಹತ್ತಿದರು. ಸುಳ್ಳು ಚಿತ್ರವೊಂದು ಬಯಲಾದಾಗ ನೈಜ ಸಂತ್ರಸ್ತನ ಮಾತನ್ನೂ ಜಗತ್ತು ಸಂಶಯಿಸುತ್ತದೆ. ಮರ್ದಿತನ ಪರವಾಗಿ ಹೇಳಿದ ಸುಳ್ಳು ಮರ್ದಕನಿಗೇ ನೆರವಾಗುತ್ತದೆ.

ಸುದ್ದಿ ತಂದವನು ಅವಿಶ್ವಾಸಾರ್ಹನಾಗಿದ್ದರೆ ಅದನ್ನು ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಆದೇಶಿಸುತ್ತದೆ. ಅರಿಯದೆ ಒಂದು ಜನವಿಭಾಗಕ್ಕೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡುವಂತಾಗಬಾರದು ಎಂಬುದೇ ಅದರ ಕಾರಣ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಹದೀಸ್ ವಿದ್ವಾಂಸರು ಒಂದು ವಚನವನ್ನು ಸ್ವೀಕರಿಸುವ ಮುನ್ನ ಅದನ್ನು ಹೇಳಿದವರಾರು, ಅವರಿಗೆ ಹೇಳಿದವರಾರು ಎಂದು ಇಡೀ ಸರಣಿಯನ್ನು ಪರೀಕ್ಷಿಸಿದರು. ಅಂತಹ ಪರಂಪರೆಯ ವಾರಸುದಾರರು ಇಂದು ಆಧಾರವಿಲ್ಲದ 'ಹದೀಸ್' ಬರೆದ ಹೂವಿನ ಚಿತ್ರಗಳನ್ನು ಪುಣ್ಯವೆಂದು ಹಂಚುತ್ತಿರುವುದು ವಿಪರ್ಯಾಸವಲ್ಲವೇ?

ಪರಿಶೀಲನೆ ಕಷ್ಟವೇನಲ್ಲ. ಬದಲಿಸಿದ ಸಾಲಿನ ಅಕ್ಷರಗಳ ದಪ್ಪ ಅಥವಾ ವಿನ್ಯಾಸ ಪಕ್ಕದ ಸಾಲಿಗಿಂತ ಭಿನ್ನವಾಗಿರಬಹುದು, ಹಿನ್ನೆಲೆ ಮಸುಕಾಗಿರಬಹುದು. ಕೌಶಲವುಳ್ಳವನು ಈ ಕುರುಹುಗಳನ್ನೂ ಮರೆಮಾಚಬಲ್ಲ. ಆದ್ದರಿಂದ ಕಣ್ಣನ್ನಷ್ಟೇ ನಂಬದೆ ಆ ದಿನದ ಪತ್ರಿಕೆಯನ್ನು ತೆರೆದು ನೋಡಬೇಕು, ಮೂಲ ಚಿತ್ರವನ್ನು ಹುಡುಕಬೇಕು. ಎರಡೂ ಸಾಧ್ಯವಾಗದಿದ್ದರೆ ಕಳುಹಿಸದೇ ಇರಬೇಕು. ಮೌನಕ್ಕೆ ಯಾವ ತಂತ್ರಜ್ಞಾನವೂ ಬೇಕಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 336ನೇ ಕಲಮಿನಂತೆ, ಇನ್ನೊಬ್ಬರ ಮಾನಕ್ಕೆ ಧಕ್ಕೆ ತರಲು ನಕಲಿ ದಾಖಲೆ ಸೃಷ್ಟಿಸಿದರೆ, ಅದು ಇಲೆಕ್ಟ್ರಾನಿಕ್ ದಾಖಲೆಯಾಗಿದ್ದರೂ, ಮೂರು ವರ್ಷಗಳವರೆಗೆ ಸಜೆಯಾಗಬಹುದು. ಈ ವಿಷಯವನ್ನು ಹೆತ್ತವರು ಮನೆಯಲ್ಲೂ ಖತೀಬರು ಜುಮಾ ಖುತ್ಬಾದಲ್ಲೂ ಹೇಳಬೇಕಾಗಿದೆ. ಕಾನೂನಿನ ಕಣ್ಣಿಗೆ ಮಣ್ಣೆರಚಲು ಕೆಲವರಿಗೆ ಸಾಧ್ಯವಾದೀತು. ಆದರೆ ಪ್ರತಿಯೊಂದು ಮಾತೂ ಕೃತಿಯೂ ದಾಖಲಾಗುವ ಕರ್ಮಗ್ರಂಥವೊಂದಿದೆ ಎಂದು ನಂಬಿದವರು ನಾವು. ಅದರಲ್ಲಿನ ಅಕ್ಷರಗಳನ್ನು ಅಳಿಸಿ ಬದಲಿಸುವ ತಂತ್ರಾಂಶ ಯಾರ ಬಳಿಯೂ ಇಲ್ಲ.