ಅಣ್ಣನ ಹೆಸರು, ತಮ್ಮನ ಅಂಕ

ಬೇಸಿಗೆ ರಜೆಯ ಒಂದು ಸಂಜೆ ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗ ಬಂದು, "ಸಾರ್, ‘ಮಿಷನ್: ಇಂಪಾಸಿಬಲ್’ ಎರಡನೇ ಭಾಗವೇ ಚೆನ್ನಾಗಿದೆ ಅಂತೀನಿ ನಾನು. ಮೊದಲನೇದರ ಮುಂದೆ ಅದು ಏನೂ ಅಲ್ಲ ಅಂತಾನೆ ಅಣ್ಣ. ನೀವೇ ತೀರ್ಪು ಹೇಳಿ" ಎಂದ. ಇಬ್ಬರೂ ನನ್ನ ವಿದ್ಯಾರ್ಥಿಗಳೇ. ಸಿನಿಮಾ ವಿಷಯ ವಿಜ್ಞಾನದ ಮೇಷ್ಟ್ರಿಗೇಕೆ ಎನ್ನಬೇಡಿ. ಹೋಲಿಕೆಯೂ ಒಂದು ಅಳತೆಯೇ. ಎರಡು ಸಂಜೆ ಅವರ ಜೊತೆ ಕೂತು ಎರಡನ್ನೂ ನೋಡಿದೆ.

ತಮ್ಮನ ಮೊದಲ ಸಾಕ್ಷಿ ಹಣ. 1996ರಲ್ಲಿ ಬ್ರಯಾನ್ ಡಿ ಪಾಲ್ಮಾ ನಿರ್ದೇಶಿಸಿದ ಮೊದಲ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 45 ಕೋಟಿ ಡಾಲರ್. 2000ದಲ್ಲಿ ಜಾನ್ ವೂ ನಿರ್ದೇಶಿಸಿದ ಎರಡನೆಯದು ಸುಮಾರು 54 ಕೋಟಿ ಗಳಿಸಿ, ಆ ವರ್ಷದ ಗಳಿಕೆಯಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿತು. ಆದರೆ ಟಿಕೆಟ್ಟನ್ನು ನಾವು ಸಿನಿಮಾ ನೋಡುವ ಮೊದಲೇ ಕೊಳ್ಳುತ್ತೇವೆ. ತಮ್ಮನ ಗಳಿಕೆಯಲ್ಲಿ ಅಣ್ಣನ ಹೆಸರಿನ ಪಾಲೂ ಇರುತ್ತದೆ. ಥರ್ಮಾಮೀಟರಿನಿಂದ ತೂಕ ಅಳೆಯಲಾಗದು.

ನಾನು ಭೌತಶಾಸ್ತ್ರ ಹಿಡಿದೆ. ಎರಡನೆಯ ಚಿತ್ರದ ಕೊನೆಯಲ್ಲಿ ನಾಯಕ, ಖಳನಾಯಕ ಇಬ್ಬರೂ ಓಡುವ ಮೋಟಾರ್ ಸೈಕಲ್‌ಗಳಿಂದ ಹಾರಿ ಗಾಳಿಯಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಯುತ್ತಾರೆ. ಒಬ್ಬೊಬ್ಬರ ವೇಗ ಗಂಟೆಗೆ 60 ಕಿಲೋಮೀಟರ್ ಎಂದಿಟ್ಟುಕೊಂಡರೂ ಪರಸ್ಪರ ವೇಗ 120 ಆಯಿತು. ಎದ್ದು ಹೊಡೆದಾಡುವುದಿರಲಿ, ಏಳುವುದೇ ಕಷ್ಟ. "ಹಾಗಾದ್ರೆ ಮೊದಲನೇದರಲ್ಲಿ ರೈಲಿನ ಹಿಂದೆ ಸುರಂಗದೊಳಗೆ ಹೆಲಿಕಾಪ್ಟರ್ ಬರುತ್ತಲ್ಲ, ಅದು ಸರೀನಾ ಸಾರ್?" ಎಂದ ಹುಡುಗ. ನನ್ನ ಬಾಯಿ ಮುಚ್ಚಿತು. ಆ ಅಳತೆಗೋಲೂ ಮುರಿಯಿತು.

ಹಾಗಾದರೆ ಯಾವ ಅಳತೆ? ಚಿತ್ರ ತಾನೇ ಹಾಕಿಕೊಂಡ ನಿಯಮಕ್ಕೆ ತಾನು ಬದ್ಧವಾಗಿದೆಯೇ ಎಂಬುದು.

ಮೊದಲ ಚಿತ್ರದಲ್ಲಿ ಸಿ.ಐ.ಎ. ಕಚೇರಿಯ ಒಂದು ಕೋಣೆ ಇದೆ. ಶಬ್ದ ಹೆಚ್ಚಾದರೆ ಎಚ್ಚರಿಕೆ ಗಂಟೆ, ಉಷ್ಣತೆ ಏರಿದರೆ ಗಂಟೆ, ನೆಲದ ಮೇಲೆ ಭಾರ ಬಿದ್ದರೆ ಗಂಟೆ. ಇದನ್ನೆಲ್ಲ ನಮಗೆ ಮೊದಲೇ ತಿಳಿಸುತ್ತಾರೆ. ಆಮೇಲೆ ನಾಯಕ ಮೇಲಿನ ಗಾಳಿಕಿಂಡಿಯಿಂದ ಹಗ್ಗದಲ್ಲಿ ಇಳಿಯುತ್ತಾನೆ. ಹಿನ್ನೆಲೆ ಸಂಗೀತವಿಲ್ಲ, ಗುಂಡಿನ ಸದ್ದಿಲ್ಲ. ಅವನ ಕನ್ನಡಕದಿಂದ ಜಾರಿದ ಒಂದು ಬೆವರ ಹನಿಗೆ ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು. ನಿಯಮ ಗೊತ್ತಿದ್ದವನಿಗೇ ಹೆದರಿಕೆ.

ಎರಡನೆಯದಕ್ಕೂ ಅಂಥ ಒಂದು ನಿಯಮವಿದೆ. ಪ್ರಯೋಗಾಲಯದಲ್ಲಿ ತಯಾರಾದ ‘ಕೈಮೀರಾ’ ಎಂಬ ವೈರಸ್ ದೇಹ ಸೇರಿ 20 ಗಂಟೆ ಕಳೆದರೆ ಔಷಧಿಯಿಂದಲೂ ಉಪಯೋಗವಿಲ್ಲ. ನಾಯಕಿ ಅದನ್ನು ತನಗೇ ಚುಚ್ಚಿಕೊಂಡಾಗ ನಾನೂ ಕುರ್ಚಿಯ ತುದಿಗೆ ಬಂದೆ. ಆದರೆ ಕಥೆ ಸಿಕ್ಕಿಕೊಂಡಾಗೆಲ್ಲ ಯಾರೋ ಮುಖವಾಡ ಕಿತ್ತು ಬೇರೊಬ್ಬನಾಗುತ್ತಾನೆ. ಮೊದಲನೆಯದರಲ್ಲೂ ಮುಖವಾಡ ಇತ್ತು. ಇಲ್ಲಿ ಅದೇ ಕೀಲಿಕೈ. ಯಾರು ಬೇಕಾದರೂ ಯಾರಾದರೂ ಆಗಬಹುದಾದರೆ ಯಾರಿಗಾಗಿ ಹೆದರುವುದು?

ಆದ್ದರಿಂದ ನನ್ನ ತೀರ್ಪು: ತಮ್ಮ ಅಣ್ಣನ ಮಟ್ಟ ಮುಟ್ಟಿಲ್ಲ. ಆದರೆ ಬಂಡೆ ಹತ್ತುವ ಆರಂಭ, ಆ ಮೋಟಾರ್ ಸೈಕಲ್ ಓಟ ಇವು ಅವನದೇ ಸಂಪಾದನೆ. ಅದಕ್ಕೆ ಅಂಕ ಕೊಡಲೇಬೇಕು.

ಅಣ್ಣ ಗೆದ್ದವನಂತೆ ನಕ್ಕ. ತಮ್ಮ ಮಾತಾಡದೆ ಎದ್ದು ಚಪ್ಪಲಿ ಮೆಟ್ಟಿಕೊಂಡ. ಆಗ ನೆನಪಾಯಿತು. ಎಂಟನೇ ತರಗತಿಯ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಇವನಿಗೆ 71 ಬಂದಿತ್ತು. "ನಿಮ್ಮಣ್ಣ 92 ತೆಗೆದಿದ್ದ ಕಣೋ" ಎಂದು ಇಡೀ ತರಗತಿಯ ಮುಂದೆ ಹೇಳಿದ್ದೆ. ಅದು ಅವನ ಹಿಂದಿನ ಪರೀಕ್ಷೆಗಿಂತ 13 ಹೆಚ್ಚು ಎಂಬುದನ್ನು ಹೇಳಿರಲಿಲ್ಲ.

ಸಿನಿಮಾ ತಾನಾಗಿ ಅಣ್ಣನ ಹೆಸರನ್ನು ಪೋಸ್ಟರಿನ ಮೇಲೆ ಹಾಕಿಕೊಂಡು ಬರುತ್ತದೆ, ಹೋಲಿಕೆಯನ್ನು ಕೇಳಿ ಪಡೆಯುತ್ತದೆ. ಮಕ್ಕಳು ಹಾಗೆ ಕೇಳಿ ಬಂದವರಲ್ಲ. ಶಾಲೆಯಲ್ಲಿ ನಾವು ಮೇಷ್ಟ್ರುಗಳು, ಮನೆಯಲ್ಲಿ ತಂದೆತಾಯಿಗಳು, ಇದನ್ನು ಮರೆಯುತ್ತೇವೆ.

ಬಾಗಿಲವರೆಗೆ ಹೋಗಿ, "71 ಚೆನ್ನಾಗಿತ್ತು ಕಣೋ" ಎಂದೆ.

"ಯಾವುದು ಸಾರ್, ಸಿನಿಮಾನಾ?" ಎಂದು ಕೇಳಿದ ಹುಡುಗ.